ಅಮೀನ್ ಅಣುವನ್ನು ಓದುವುದು ಹೇಗೆ: ರಚನೆ ನೋಡಿ ಗುಣ ಹೇಳುವ ಮಾರ್ಗದರ್ಶಿ

ದ್ವಿತೀಯ ಪಿಯುಸಿಯಲ್ಲಿ ಅಮೀನ್ (ಅಮೋನಿಯಾದಿಂದ ಹುಟ್ಟುವ ನೈಟ್ರೋಜನ್ ಸಂಯುಕ್ತ) ಪಾಠ ಬಂದಾಗ ನಾನೂ ಎಲ್ಲರಂತೆ ಪಟ್ಟಿಗಳನ್ನು ಬಾಯಿಪಾಠ ಮಾಡಿದ್ದೆ. ಯಾವುದು ಮೊದಲು ಕುದಿಯುತ್ತದೆ, ಯಾವುದು ನೀರಿನಲ್ಲಿ ಕರಗುತ್ತದೆ, ಯಾವುದು ಜಾಸ್ತಿ ಪ್ರಬಲ ಪ್ರತ್ಯಾಮ್ಲ. ಮೀಥೈಲ್ ಅಮೀನ್‌ಗಳಿಗೆ ಒಂದು ಕ್ರಮ, ಈಥೈಲ್ ಅಮೀನ್‌ಗಳಿಗೆ ಇನ್ನೊಂದು. ಪರೀಕ್ಷೆ ಮುಗಿದ ವಾರಕ್ಕೆ ಎಲ್ಲ ಮರೆತುಹೋಯಿತು. ಮುಂದೆ ಮಕ್ಕಳಿಗೆ ಇದೇ ಪಾಠ ಹೇಳಲು ಕೂತಾಗ ಗೊತ್ತಾಯಿತು, ಈ ಪಟ್ಟಿಗಳಲ್ಲಿ ಒಂದನ್ನೂ ಬಾಯಿಪಾಠ ಮಾಡಬೇಕಿಲ್ಲ. ಅಣುವಿನ ಚಿತ್ರ ಕಣ್ಣಮುಂದೆ ಇದ್ದರೆ ಸಾಕು. ನೈಟ್ರೋಜನ್ ಮೇಲೆ ಕೂತಿರುವ ಎರಡು ಎಲೆಕ್ಟ್ರಾನ್‌ಗಳು ಈಗ ಏನು ಮಾಡುತ್ತಿವೆ ಅಂತ ಕೇಳುತ್ತಾ ಹೋದರೆ ಉತ್ತರ ತಾನಾಗಿ ಬರುತ್ತದೆ.

ಹಾಗೆ ಕೇಳುವುದು ಹೇಗೆ ಎನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಒಂದು ಹಾಳೆ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಹೆಸರು ಬಂದಾಗಲೆಲ್ಲ ಚಿತ್ರ ಬರೆಯಿರಿ. ಸುಮ್ನೆ ಓದಿಕೊಂಡು ಹೋದರೆ ಇದು ತಲೆಗೆ ಹತ್ತುವುದಿಲ್ಲ.

ಹೆಜ್ಜೆ 1: ನೈಟ್ರೋಜನ್ ಹುಡುಕಿ, ಕೈಗಳನ್ನು ಎಣಿಸಿ

ಅಮೋನಿಯಾದಲ್ಲಿ ಒಂದು ನೈಟ್ರೋಜನ್, ಮೂರು ಹೈಡ್ರೋಜನ್. ಆ ಹೈಡ್ರೋಜನ್‌ಗಳಲ್ಲಿ ಒಂದನ್ನು ತೆಗೆದು ಕಾರ್ಬನ್ ಗುಂಪು ಇಟ್ಟರೆ ಪ್ರಾಥಮಿಕ ಅಮೀನ್. ಎರಡು ತೆಗೆದರೆ ದ್ವಿತೀಯಕ, ಮೂರೂ ತೆಗೆದರೆ ತೃತೀಯಕ.

ಇಲ್ಲೇ ತುಂಬಾ ಜನ ಎಡವುತ್ತಾರೆ. ಟರ್ಷಿಯರಿ ಬ್ಯೂಟೈಲ್ ಅಮೀನ್ ಅಂತ ಹೆಸರು ಕೇಳಿದ ಕೂಡಲೇ ತೃತೀಯಕ ಅಂದುಬಿಡುತ್ತಾರೆ. ಅದು ಪ್ರಾಥಮಿಕ. ಆಲ್ಕೋಹಾಲ್‌ನಲ್ಲಿ ನಾವು ಆಕ್ಸಿಜನ್ ಹೊತ್ತ ಕಾರ್ಬನ್‌ಗೆ ಅಂಟಿದ ಕಾರ್ಬನ್‌ಗಳನ್ನು ಎಣಿಸುತ್ತೇವೆ, ಅಮೀನ್‌ನಲ್ಲಿ ನೈಟ್ರೋಜನ್‌ಗೆ ಅಂಟಿದ ಕಾರ್ಬನ್‌ಗಳನ್ನು. ಟರ್ಷಿಯರಿ ಬ್ಯೂಟೈಲ್ ಅಮೀನ್‌ನ ನೈಟ್ರೋಜನ್‌ಗೆ ಅಂಟಿರುವುದು ಒಂದೇ ಕಾರ್ಬನ್. ಆ ಕಾರ್ಬನ್ ಎಷ್ಟೇ ಕವಲೊಡೆದಿದ್ದರೂ ಲೆಕ್ಕಕ್ಕಿಲ್ಲ.

ಈಗ ನೈಟ್ರೋಜನ್ ಮೇಲೆ ಎರಡು ಚುಕ್ಕಿ ಇಡಿ. ಇದೇ ಒಂಟಿ ಜೋಡಿ ಎಲೆಕ್ಟ್ರಾನ್. ಯಾವ ಬಂಧದಲ್ಲೂ ಸಿಕ್ಕಿಕೊಳ್ಳದೆ ಉಳಿದ ಜೋಡಿ. ಈ ಜೋಡಿಯಿಂದಾಗಿಯೇ ಅಣು ಚಪ್ಪಟೆಯಾಗಿರದೆ ಮೂರು ಕಾಲಿನ ಮಣೆಯಂತೆ ಇರುತ್ತದೆ. ಅಮೋನಿಯಾದಲ್ಲಿ ಎರಡು ಬಂಧಗಳ ನಡುವಿನ ಕೋನ ಸುಮಾರು 107 ಡಿಗ್ರಿ, ಟ್ರೈಮೀಥೈಲ್ ಅಮೀನ್‌ನಲ್ಲಿ ಸುಮಾರು 111. ಗಾಳಿಗೆ ಛತ್ರಿ ಮಗುಚಿಕೊಳ್ಳುವುದನ್ನು ನೋಡಿದ್ದೀರಲ್ಲ, ಈ ಅಣುಗಳೂ ಹಾಗೆ ಒಂದೇ ಸಮನೆ ಮಗುಚುತ್ತಿರುತ್ತವೆ. ಹಾಗಾಗಿ ನೈಟ್ರೋಜನ್‌ಗೆ ಮೂರು ಬೇರೆ ಬೇರೆ ಗುಂಪು ಅಂಟಿದ್ದರೂ ಕನ್ನಡಿ ಬಿಂಬದಂಥ ಎಡಗೈ-ಬಲಗೈ ರೂಪಗಳನ್ನು ಸಾಮಾನ್ಯವಾಗಿ ಬೇರೆ ಮಾಡಿ ಇಡಲು ಆಗುವುದಿಲ್ಲ.

ನೈಟ್ರೋಜನ್‌ಗೆ ನಾಲ್ಕು ಕಾರ್ಬನ್ ಗುಂಪು ಅಂಟಿದ್ದರೆ? ಆಗ ಚುಕ್ಕಿ ಇಡಲು ಜಾಗವೇ ಇಲ್ಲ. ಜೋಡಿ ಖರ್ಚಾಗಿದೆ, ನೈಟ್ರೋಜನ್ ಮೇಲೆ ಧನಾವೇಶ ಬಂದಿದೆ. ಅದು ಕ್ವಾಟರ್ನರಿ ಅಮೋನಿಯಂ ಲವಣ. ಪ್ರತ್ಯಾಮ್ಲದಂತೆ ಪ್ರೋಟಾನ್ (ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್) ಹಿಡಿಯುವ ಕೆಲಸ ಅದರಿಂದ ಆಗದು.

ಹೆಜ್ಜೆ 2: ನೈಟ್ರೋಜನ್ ಮೇಲೆ ಹೈಡ್ರೋಜನ್ ಎಷ್ಟಿದೆ? ಕುದಿಬಿಂದು ಹೇಳಿ

ನೈಟ್ರೋಜನ್‌ಗೆ ಅಂಟಿದ ಹೈಡ್ರೋಜನ್ ಪಕ್ಕದ ಅಣುವಿನ ಒಂಟಿ ಜೋಡಿಯನ್ನು ಹಿಡಿದುಕೊಳ್ಳುತ್ತದೆ. ಇದು ಹೈಡ್ರೋಜನ್ ಬಂಧ. ದ್ರವ ಕುದಿದು ಆವಿಯಾಗಬೇಕಾದರೆ ಈ ಹಿಡಿತ ಬಿಡಿಸಬೇಕು. ಹಿಡಿತ ಜಾಸ್ತಿ ಇದ್ದರೆ ಶಾಖವೂ ಜಾಸ್ತಿ ಬೇಕು.

ನಾಲ್ಕು ಕಾರ್ಬನ್, ಹನ್ನೊಂದು ಹೈಡ್ರೋಜನ್, ಒಂದು ನೈಟ್ರೋಜನ್ ಇರುವ ಮೂರು ಅಣುಗಳನ್ನು ಬರೆಯಿರಿ. ಮೂರರ ತೂಕವೂ ಒಂದೇ. ಬ್ಯೂಟೈಲ್ ಅಮೀನ್ ಪ್ರಾಥಮಿಕ, ಎರಡು ಹೈಡ್ರೋಜನ್ ಇದೆ, ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಡೈಈಥೈಲ್ ಅಮೀನ್‌ನಲ್ಲಿ ಒಂದೇ ಹೈಡ್ರೋಜನ್, 56 ಡಿಗ್ರಿ. ಈಥೈಲ್ ಡೈಮೀಥೈಲ್ ಅಮೀನ್‌ನಲ್ಲಿ ಒಂದೂ ಇಲ್ಲ, 37 ಡಿಗ್ರಿ. ಹೆಚ್ಚು ಕಡಿಮೆ ಇಷ್ಟೇ ತೂಕದ ಐಸೋಪೆಂಟೇನ್ 28ರಲ್ಲೇ ಕುದಿಯುತ್ತದೆ. ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ. ಅಷ್ಟಕ್ಕೇ 40 ಡಿಗ್ರಿ ವ್ಯತ್ಯಾಸ. ಈ ಸಾಲನ್ನು ನೋಡಿದಾಗಲೆಲ್ಲ ನನಗೆ ಈಗಲೂ ಖುಷಿಯಾಗುತ್ತದೆ.

ಇದೇ ಸಾಲಿಗೆ ಬ್ಯೂಟನಾಲ್ ಸೇರಿಸಿ ನೋಡಿ. ಅದು 117 ಡಿಗ್ರಿ. ಆಕ್ಸಿಜನ್ ನೈಟ್ರೋಜನ್‌ಗಿಂತ ಬಲವಾಗಿ ಎಲೆಕ್ಟ್ರಾನ್ ಎಳೆಯುತ್ತದೆ. ಹಾಗಾಗಿ ಅದಕ್ಕೆ ಅಂಟಿದ ಹೈಡ್ರೋಜನ್ ಜಾಸ್ತಿ ಧನವಾಗುತ್ತದೆ, ಹೈಡ್ರೋಜನ್ ಬಂಧವೂ ಗಟ್ಟಿಯಾಗುತ್ತದೆ. ಅಮೀನ್ ಸಾಮಾನ್ಯವಾಗಿ ಹೈಡ್ರೋಕಾರ್ಬನ್ ಮತ್ತು ಆಲ್ಕೋಹಾಲ್‌ಗಳ ನಡುವೆ ನಿಲ್ಲುತ್ತದೆ.

ಇನ್ನೊಂದು ಸಾಲು: ಮೀಥೈಲ್ ಅಮೀನ್ ಮೈನಸ್ 6, ಡೈಮೀಥೈಲ್ ಅಮೀನ್ 7, ಟ್ರೈಮೀಥೈಲ್ ಅಮೀನ್ 3 ಡಿಗ್ರಿ. ಕೊನೆಯದು ಎಲ್ಲಕ್ಕಿಂತ ಭಾರ, ಆದರೂ ನಡುವಿನದಕ್ಕಿಂತ ಬೇಗ ಕುದಿಯುತ್ತದೆ. ಭಾರ ಏರಿಸಲು ನೋಡುತ್ತದೆ, ಹೈಡ್ರೋಜನ್ ಇಲ್ಲದಿರುವುದು ಇಳಿಸಲು ನೋಡುತ್ತದೆ. ಹೀಗೆ ಎರಡು ಕಾರಣಗಳು ಒಟ್ಟಿಗೆ ಇರುವಾಗ ಬರೀ ಹೈಡ್ರೋಜನ್ ಎಣಿಸಿ ಉತ್ತರ ಹೇಳಬೇಡಿ. ಬೆಂಜೀನ್ ಉಂಗುರಕ್ಕೆ ನೈಟ್ರೋಜನ್ ಅಂಟಿದ ಅನಿಲಿನ್ 184ರಲ್ಲಿ ಕುದಿದರೆ, ಅದರ ನೈಟ್ರೋಜನ್ ಮೇಲೆ ಒಂದು ಮೀಥೈಲ್ ಇಟ್ಟ ಎನ್-ಮೀಥೈಲ್ ಅನಿಲಿನ್ 196ರಲ್ಲಿ ಕುದಿಯುತ್ತದೆ. ಒಂದು ಹೈಡ್ರೋಜನ್ ಕಡಿಮೆಯಾದರೂ ಏರಿದೆ. ಹೈಡ್ರೋಜನ್ ಎಣಿಸುವ ನಿಯಮ ಸರಿಯಾಗಿ ಕೆಲಸ ಮಾಡುವುದು ಒಂದೇ ತೂಕದ ಅಣುಗಳ ನಡುವೆ.

ಹೆಜ್ಜೆ 3: ಬಾಲ ಎಷ್ಟು ಉದ್ದ?

ಇದು ಚಿಕ್ಕ ಹೆಜ್ಜೆ. ನೀರು ನೈಟ್ರೋಜನ್ ಕಡೆ ಬರುತ್ತದೆ, ಕಾರ್ಬನ್ ಬಾಲದಿಂದ ದೂರ ಹೋಗುತ್ತದೆ. ಆರು ಕಾರ್ಬನ್‌ವರೆಗಿನ ಅಮೀನ್‌ಗಳು ಸಾಮಾನ್ಯವಾಗಿ ನೀರಿನಲ್ಲಿ ಚೆನ್ನಾಗಿಯೋ ತಕ್ಕಮಟ್ಟಿಗೋ ಕರಗುತ್ತವೆ, ಅದರಾಚೆ ಬೇಗ ಕಡಿಮೆಯಾಗುತ್ತದೆ. ಬ್ಯೂಟೈಲ್ ಅಮೀನ್ ನೀರಿನೊಂದಿಗೆ ಪೂರ್ತಿ ಬೆರೆಯುತ್ತದೆ. ಅನಿಲಿನ್ 100 ಮಿಲಿ ನೀರಿನಲ್ಲಿ 3.6 ಗ್ರಾಂನಷ್ಟು ಮಾತ್ರ. ಇಲ್ಲಿ ಒಂದು ಮಾತು ನೆನಪಿಡಿ. ತೃತೀಯಕ ಅಮೀನ್‌ಗೆ ತನ್ನ ಹೈಡ್ರೋಜನ್ ಇಲ್ಲದಿದ್ದರೂ ಒಂಟಿ ಜೋಡಿ ಇದೆ, ಅದನ್ನು ನೀರಿನ ಹೈಡ್ರೋಜನ್ ಹಿಡಿಯುತ್ತದೆ. ಹಾಗಾಗಿ ಟ್ರೈಮೀಥೈಲ್ ಅಮೀನ್ ತನ್ನೊಳಗೆ ಹೈಡ್ರೋಜನ್ ಬಂಧ ಮಾಡಿಕೊಳ್ಳದೆ ಬೇಗ ಕುದಿಯುತ್ತದೆ, ಆದರೆ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ.

ಹೆಜ್ಜೆ 4: ಒಂಟಿ ಜೋಡಿ ಬಿಡುವಾಗಿದೆಯಾ?

ಇಡೀ ವಿಷಯದ ಜೀವ ಇಲ್ಲಿದೆ. ನಿಧಾನವಾಗಿ ಓದಿ.

ಪ್ರತ್ಯಾಮ್ಲ ಅಂದರೆ ಪ್ರೋಟಾನ್ ಹಿಡಿಯುವುದು. ಅಮೀನ್ ಅದನ್ನು ಹಿಡಿಯುವುದು ಒಂಟಿ ಜೋಡಿಯಿಂದ. ಜೋಡಿ ಬಿಡುವಾಗಿದ್ದರೆ ಪ್ರಬಲ ಪ್ರತ್ಯಾಮ್ಲ, ಬೇರೆ ಕೆಲಸದಲ್ಲಿದ್ದರೆ ದುರ್ಬಲ.

ಅಳತೆಗೆ ನಾನು ಪ್ರೋಟಾನ್ ಹಿಡಿದ ರೂಪದ ಪಿಕೆಎ ಬಳಸುತ್ತೇನೆ, ಅಂದರೆ ಹಿಡಿದ ಪ್ರೋಟಾನ್ ಎಷ್ಟು ಬಿಗಿಯಾಗಿದೆ ಅನ್ನುವ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಅಮೀನ್ ಪ್ರಬಲ, ಲೆಕ್ಕ ನೇರ. ಪಿಯುಸಿ ಪುಸ್ತಕದಲ್ಲಿ ಪಿಕೆಬಿ ಇರುತ್ತದೆ, ಅದು ತಿರುಗುಮುರುಗು. 14ರಿಂದ ಪಿಕೆಬಿ ಕಳೆದರೆ ಇಲ್ಲಿರುವ ಸಂಖ್ಯೆ ಸಿಗುತ್ತದೆ. ಇನ್ನೊಂದು ವಿಷಯ: ಈ ಅಳತೆಯಲ್ಲಿ ಒಂದು ಅಂಕ ಅಂದರೆ ಹತ್ತು ಪಟ್ಟು. ಎರಡು ಅಂಕ ಅಂದರೆ ನೂರು ಪಟ್ಟು.

ಅಮೋನಿಯಾದ ಸಂಖ್ಯೆ 9.25. ಮೀಥೈಲ್ ಅಮೀನ್ 10.6. ಕಾರ್ಬನ್ ಗುಂಪು ನೈಟ್ರೋಜನ್ ಕಡೆಗೆ ಎಲೆಕ್ಟ್ರಾನ್ ತಳ್ಳುತ್ತದೆ. ಪ್ರೋಟಾನ್ ಹಿಡಿದ ಮೇಲೆ ಬರುವ ಧನಾವೇಶದ ಭಾರವನ್ನೂ ಸ್ವಲ್ಪ ಹಂಚಿಕೊಳ್ಳುತ್ತದೆ.

ಈಗ ಎರಡು ಅಣು ಪಕ್ಕಪಕ್ಕ ಬರೆಯಿರಿ: ಸೈಕ್ಲೋಹೆಕ್ಸೈಲ್ ಅಮೀನ್ ಮತ್ತು ಅನಿಲಿನ್. ಎರಡರಲ್ಲೂ ಆರು ಕಾರ್ಬನ್ ಉಂಗುರ, ಎರಡರಲ್ಲೂ ಅದೇ ಅಮೀನೋ ಗುಂಪು (ಎರಡು ಹೈಡ್ರೋಜನ್ ಹೊತ್ತ ನೈಟ್ರೋಜನ್). ಮೊದಲನೆಯದು 10.6, ಎರಡನೆಯದು 4.6. ಆರು ಅಂಕ, ಅಂದರೆ ಹತ್ತು ಲಕ್ಷ ಪಟ್ಟು ವ್ಯತ್ಯಾಸ! ಕಾರಣ, ಅನಿಲಿನ್‌ನ ಉಂಗುರ ಬೆಂಜೀನ್. ನೈಟ್ರೋಜನ್‌ನ ಜೋಡಿ ಉಂಗುರದ ಎಲೆಕ್ಟ್ರಾನ್ ಮೋಡದೊಳಗೆ ಸೇರಿಕೊಂಡು ಹಂಚಿಹೋಗಿದೆ. ಪ್ರೋಟಾನ್ ಹಿಡಿಯಬೇಕಾದರೆ ಆ ನೆಮ್ಮದಿಯ ಜಾಗ ಬಿಟ್ಟು ವಾಪಸ್ ಬರಬೇಕು. ಬರಲು ಅದಕ್ಕೆ ಮನಸ್ಸಿಲ್ಲ. ಉಂಗುರ ಎರಡಾದರೆ ಇನ್ನೂ ಕಷ್ಟ, ಡೈಫೀನೈಲ್ ಅಮೀನ್‌ನ ಸಂಖ್ಯೆ 0.8ಕ್ಕೆ ಇಳಿಯುತ್ತದೆ.

ಬೆಂಜೀನ್ ಉಂಗುರ ಇದ್ದ ಮಾತ್ರಕ್ಕೆ ದುರ್ಬಲ ಅನ್ನಬೇಡಿ. ಬೆಂಜೈಲ್ ಅಮೀನ್‌ನಲ್ಲೂ ಉಂಗುರ ಇದೆ, ಆದರೆ ನೈಟ್ರೋಜನ್ ಮತ್ತು ಉಂಗುರದ ನಡುವೆ ಒಂದು ಕಾರ್ಬನ್ ಅಡ್ಡ ನಿಂತಿದೆ. ಜೋಡಿ ಉಂಗುರದೊಳಗೆ ಹೋಗಲಾರದು. ಅದರ ಸಂಖ್ಯೆ 9.3, ಹೆಚ್ಚುಕಡಿಮೆ ಅಮೋನಿಯಾದಷ್ಟೇ. ಒಂದೇ ಒಂದು ಕಾರ್ಬನ್ ಎಷ್ಟು ಬದಲಿಸುತ್ತದೆ ನೋಡಿ.

ಅನಿಲಿನ್ ಹೆಸರು ಬಂದಾಗ ಒಂದು ಮಾತು ಹೇಳಲೇಬೇಕು. 1826ರಲ್ಲಿ ಜರ್ಮನಿಯ ಒಟ್ಟೊ ಉನ್‌ಫರ್‌ಡೊರ್ಬೆನ್ ನೀಲಿ ಬಣ್ಣವನ್ನು ಕಾಯಿಸಿ ಭಟ್ಟಿ ಇಳಿಸಿದಾಗ ಇದು ಮೊದಲು ಸಿಕ್ಕಿತು. ನೀಲಿ ಗಿಡಕ್ಕೆ ಪೋರ್ಚುಗೀಸರು ಅನಿಲ್ ಅನ್ನುತ್ತಿದ್ದರು. ಆ ಪದ ಅರಬ್ಬಿಯಿಂದ ಬಂತು, ಅರಬ್ಬಿಗೆ ನಮ್ಮ ನೀಲ ಪದದಿಂದ. ಅಂದರೆ ಅನಿಲಿನ್ ಎಂಬ ಹೆಸರಿನ ಹೊಟ್ಟೆಯಲ್ಲಿ ನಮ್ಮ ನೀಲಿಯೇ ಇದೆ. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಶುದ್ಧವಲ್ಲದ ಅನಿಲಿನ್‌ನಿಂದಲೇ ನೇರಳೆ ಬಣ್ಣ ಮಾಡಿದ, ಕೃತಕ ಬಣ್ಣಗಳ ಉದ್ಯಮ ಅಲ್ಲಿಂದ ಶುರುವಾಯಿತು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಭಾರತದ ನೀಲಿ ಬೆಳೆ ಕುಸಿಯಿತು.

ಈಗ ಅನಿಲಿನ್ ಉಂಗುರಕ್ಕೆ ಬೇರೆ ಗುಂಪು ಸೇರಿಸಿ. ನೈಟ್ರೋಜನ್‌ನ ಎದುರು ತುದಿಗೆ, ಅಂದರೆ ಪ್ಯಾರಾ ಜಾಗಕ್ಕೆ, ಮೆಥಾಕ್ಸಿ ಗುಂಪು (ಮೀಥೈಲ್ ಹೊತ್ತ ಆಕ್ಸಿಜನ್) ಇಟ್ಟರೆ ಸಂಖ್ಯೆ 4.6ರಿಂದ 5.3ಕ್ಕೆ ಏರುತ್ತದೆ. ಅದು ಉಂಗುರಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. ಅದೇ ಜಾಗಕ್ಕೆ ನೈಟ್ರೋ ಗುಂಪು (ಎರಡು ಆಕ್ಸಿಜನ್ ಹೊತ್ತ ನೈಟ್ರೋಜನ್) ಇಟ್ಟರೆ 1.0ಗೆ ಕುಸಿಯುತ್ತದೆ. ನೈಟ್ರೋ ಗುಂಪನ್ನು ಪ್ಯಾರಾದ ಪಕ್ಕಕ್ಕೆ, ಅಂದರೆ ಮೆಟಾ ಜಾಗಕ್ಕೆ, ಸರಿಸಿದರೆ 2.5. ಏಕೆ ಈ ವ್ಯತ್ಯಾಸ? ಪ್ಯಾರಾದಲ್ಲಿದ್ದಾಗ ನೈಟ್ರೋ ಗುಂಪು ಒಂಟಿ ಜೋಡಿಯನ್ನು ಉಂಗುರದ ಮೂಲಕ ಸೀದಾ ತನ್ನ ಆಕ್ಸಿಜನ್‌ವರೆಗೆ ಎಳೆದುಕೊಳ್ಳಬಲ್ಲದು. ಮೆಟಾದಲ್ಲಿ ಆ ದಾರಿ ಇಲ್ಲ, ದೂರದಿಂದ ಎಳೆಯುವುದು ಮಾತ್ರ. ಬಾಣದ ಗುರುತು ಹಾಕಿ ನೀವೇ ಬರೆದು ನೋಡಿ, ಮೆಟಾದಲ್ಲಿ ಬಾಣ ನೈಟ್ರೋ ಗುಂಪಿಗೆ ತಲುಪುವುದೇ ಇಲ್ಲ.

ಜೋಡಿಯ ಪಕ್ಕದಲ್ಲೇ ಕಾರ್ಬನ್-ಆಕ್ಸಿಜನ್ ದ್ವಿಬಂಧ ಇದ್ದರೆ ಅದು ಅಮೈಡ್. ಅಲ್ಲಿ ಜೋಡಿ ಪೂರ್ತಿ ಆಕ್ಸಿಜನ್ ಕಡೆ ವಾಲಿಕೊಂಡಿರುತ್ತದೆ, ಪ್ರತ್ಯಾಮ್ಲ ಗುಣ ಇಲ್ಲವೆಂದೇ ಹೇಳಬಹುದು. ಇದಕ್ಕೆ ನಮ್ಮ ಮಲೆನಾಡಿನ ಕಾಳುಮೆಣಸೇ ಸಾಕ್ಷಿ. ಅದರ ಖಾರ ಪಿಪೆರಿನ್ ಎಂಬ ವಸ್ತುವಿನದು. 1819ರಲ್ಲಿ ಅದನ್ನು ಬೇರೆ ಮಾಡಿದವರು ಹ್ಯಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್, ಮರುವರ್ಷ ವಿದ್ಯುತ್ತಿನಿಂದ ಕಾಂತಗುಣ ಹುಟ್ಟುವುದನ್ನು ತೋರಿಸಿದ ಅದೇ ವಿಜ್ಞಾನಿ. ಪಿಪೆರಿನ್‌ನಲ್ಲಿ ನೈಟ್ರೋಜನ್ ಇದೆ, ಆದರೆ ಅಮೈಡ್ ರೂಪದಲ್ಲಿ. ಅದು ಕ್ಷಾರವೂ ಅಲ್ಲ, ಅಮೀನ್ ವಾಸನೆಯೂ ಅದಕ್ಕಿಲ್ಲ. ಅದನ್ನು ಕ್ಷಾರದ ಜೊತೆ ಕುದಿಸಿ ಒಡೆದರೆ ಪಿಪೆರಿಡಿನ್ (ಐದು ಕಾರ್ಬನ್, ಒಂದು ನೈಟ್ರೋಜನ್ ಸೇರಿದ ಉಂಗುರ) ಹೊರಬರುತ್ತದೆ. ಅದರ ಜೋಡಿ ಈಗ ಬಿಡುಗಡೆಯಾಗಿದೆ, ಸಂಖ್ಯೆ 11.1, ಮೂಗಿಗೆ ಹೊಡೆಯುವ ವಾಸನೆ. ನೈಟ್ರೋಜನ್ ಅದೇ, ಪಕ್ಕದಲ್ಲಿ ಇದ್ದವರು ಮಾತ್ರ ಬದಲಾಗಿದ್ದಾರೆ.

ಪಿಪೆರಿಡಿನ್ ಉಂಗುರದಲ್ಲಿ ನೈಟ್ರೋಜನ್‌ಗೆ ಎದುರಾಗಿರುವ ಕಾರ್ಬನ್ ತೆಗೆದು ಆಕ್ಸಿಜನ್ ಇಟ್ಟರೆ ಮಾರ್ಫೊಲಿನ್. ಆಕ್ಸಿಜನ್ ದೂರದಲ್ಲಿದ್ದರೂ ಎಲೆಕ್ಟ್ರಾನ್ ಎಳೆಯುತ್ತದೆ, ಸಂಖ್ಯೆ 8.4ಕ್ಕೆ ಇಳಿಯುತ್ತದೆ. ಎಳೆಯುವ ಪರಮಾಣು ಹತ್ತಿರ ಬಂದಷ್ಟೂ ಇಳಿತ ಜಾಸ್ತಿ. ಇದನ್ನು ಕೊನೆಯ ಹೆಜ್ಜೆಯಲ್ಲಿ ಮತ್ತೆ ಬಳಸುತ್ತೇವೆ.

ಉಂಗುರದ ಒಳಗೇ ನೈಟ್ರೋಜನ್ ಇದ್ದರೆ ಜೋಡಿ ಯಾವ ಕೆಲಸದಲ್ಲಿದೆ ಅಂತ ನೋಡಿ. ಪಿರಿಡಿನ್‌ನಲ್ಲಿ ಜೋಡಿ ಉಂಗುರದಿಂದ ಹೊರಕ್ಕೆ ಚಾಚಿದೆ. ಅದು ಸಿಗುತ್ತದೆ, ಆದರೆ ನೈಟ್ರೋಜನ್ ಅದನ್ನು ತನ್ನ ಹತ್ತಿರವೇ ಬಿಗಿಯಾಗಿ ಇಟ್ಟುಕೊಂಡಿದೆ. ಸಂಖ್ಯೆ 5.2. ಪಿರೋಲ್‌ನಲ್ಲಿ ಉಂಗುರದ ಸ್ಥಿರತೆಗೆ ಬೇಕಾದ ಆರು ಎಲೆಕ್ಟ್ರಾನ್‌ಗಳಲ್ಲಿ ಎರಡು ಈ ಜೋಡಿಯದೇ. ಅದನ್ನು ಕೊಟ್ಟರೆ ಉಂಗುರದ ಆಧಾರವೇ ಹೋಗುತ್ತದೆ. ಹಾಗಾಗಿ ಪಿರೋಲ್ ಪ್ರತ್ಯಾಮ್ಲವಲ್ಲ ಅಂತಲೇ ಇಟ್ಟುಕೊಳ್ಳಿ.

ಹಂಚಿಕೆ ಯಾವಾಗಲೂ ದುರ್ಬಲಗೊಳಿಸುತ್ತದೆ ಅಂತಲೂ ಅಲ್ಲ. ಗ್ವಾನಿಡಿನ್‌ನಲ್ಲಿ ಒಂದು ಕಾರ್ಬನ್ ಸುತ್ತ ಮೂರು ನೈಟ್ರೋಜನ್. ಪ್ರೋಟಾನ್ ಹಿಡಿದ ಮೇಲೆ ಬರುವ ಧನಾವೇಶವನ್ನು ಮೂರೂ ಸಮನಾಗಿ ಹೊರುತ್ತವೆ. ಹಾಗಾಗಿ ಅದು ಹಿಡಿದ ಪ್ರೋಟಾನ್ ಬಿಡುವುದಿಲ್ಲ, ಸಂಖ್ಯೆ 13.6. ಅನಿಲಿನ್‌ನಲ್ಲಿ ಹಂಚಿಕೆ ಪ್ರೋಟಾನ್ ಹಿಡಿಯುವ ಮೊದಲು ಇದೆ, ಇಲ್ಲಿ ಹಿಡಿದ ನಂತರ ಇನ್ನೂ ಚೆನ್ನಾಗಿದೆ. ಹಿಡಿಯುವ ಮೊದಲಿನ ಚಿತ್ರ, ಹಿಡಿದ ನಂತರದ ಚಿತ್ರ, ಎರಡನ್ನೂ ಬರೆದು ಹೋಲಿಸುವುದು ಅದಕ್ಕೇ ಮುಖ್ಯ.

ಹೆಜ್ಜೆ 5: ನೀರನ್ನು ಮರೆಯಬೇಡಿ

ಒಂದು ಮೀಥೈಲ್ ಗುಂಪು ಪ್ರಬಲಗೊಳಿಸಿದರೆ ಮೂರು ಮೀಥೈಲ್ ಇನ್ನೂ ಪ್ರಬಲಗೊಳಿಸಬೇಕು ಅಲ್ವಾ? ನೀರಿನಲ್ಲಿ ಹಾಗಾಗುವುದಿಲ್ಲ. ಮೀಥೈಲ್ ಅಮೀನ್ 10.6, ಡೈಮೀಥೈಲ್ ಅಮೀನ್ 10.7, ಟ್ರೈಮೀಥೈಲ್ ಅಮೀನ್ 9.8. ಬಾಯಿಪಾಠ ಮಾಡುವವರನ್ನು ಪರೀಕ್ಷೆಯಲ್ಲಿ ಬೀಳಿಸುವುದು ಈ ಸಾಲೇ.

ಅನಿಲ ರೂಪದಲ್ಲಿ, ನೀರಿಲ್ಲದೆ ಅಳೆದರೆ ಕ್ರಮ ನೀವು ಅಂದುಕೊಂಡಂತೆಯೇ ಇದೆ: ಅಮೋನಿಯಾ, ಮೀಥೈಲ್, ಡೈಮೀಥೈಲ್, ಟ್ರೈಮೀಥೈಲ್ ಅಂತ ಏರುತ್ತಲೇ ಹೋಗುತ್ತದೆ. ಅಂದರೆ ಅಣುವಿನ ಸ್ವಂತ ಗುಣ ಅದು. ಕ್ರಮ ಕೆಡಿಸುವುದು ನೀರು. ಪ್ರೋಟಾನ್ ಹಿಡಿದ ಮೇಲೆ ಅಣುವಿಗೆ ಧನಾವೇಶ ಬರುತ್ತದೆ, ನೀರಿನ ಅಣುಗಳು ಅದನ್ನು ಸುತ್ತುವರಿದು ಸಮಾಧಾನ ಮಾಡುತ್ತವೆ. ಅವು ಹಿಡಿದುಕೊಳ್ಳುವುದು ನೈಟ್ರೋಜನ್ ಮೇಲಿನ ಹೈಡ್ರೋಜನ್‌ಗಳನ್ನು. ಪ್ರಾಥಮಿಕ ಅಮೀನ್ ಪ್ರೋಟಾನ್ ಹಿಡಿದರೆ ಅಂಥ ಹೈಡ್ರೋಜನ್ ಮೂರು, ದ್ವಿತೀಯಕದಲ್ಲಿ ಎರಡು, ತೃತೀಯಕದಲ್ಲಿ ಒಂದೇ. ಕಾರ್ಬನ್ ಗುಂಪುಗಳ ತಳ್ಳುವಿಕೆ ಒಂದು ದಿಕ್ಕಿಗೆ, ನೀರಿನ ಆಸರೆ ಇನ್ನೊಂದು ದಿಕ್ಕಿಗೆ. ಎರಡೂ ಸಾಕಷ್ಟು ಸಿಗುವುದು ನಡುವಿನ ದ್ವಿತೀಯಕಕ್ಕೆ.

ಈಥೈಲ್ ಸಾಲಿನಲ್ಲಿಯೂ ದ್ವಿತೀಯಕವೇ ಮುಂದೆ: ಡೈಈಥೈಲ್ ಅಮೀನ್ 11.0. ಆದರೆ ಅಲ್ಲಿ ತೃತೀಯಕ ಎರಡನೇ ಜಾಗಕ್ಕೆ ಬರುತ್ತದೆ, ಪ್ರಾಥಮಿಕ ಕೂದಲೆಳೆಯಷ್ಟು ಹಿಂದೆ. ಎರಡೂ 10.7ರ ಆಸುಪಾಸಿನಲ್ಲಿವೆ. ಈಥೈಲ್ ಗುಂಪು ಮೀಥೈಲ್‌ಗಿಂತ ಸ್ವಲ್ಪ ಜಾಸ್ತಿ ತಳ್ಳುವುದರಿಂದ ತಕ್ಕಡಿ ವಾಲುತ್ತದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ದೊಡ್ಡ ವಿವರಣೆ ಕಟ್ಟುವುದು ನನಗೆ ಇಷ್ಟವಿಲ್ಲ. 4.6 ಮತ್ತು 10.6ರ ನಡುವಿನ ಅಂತರ ಅರ್ಥವಾದರೆ ಸಾಕು, ಅದು ನಿಜವಾದ ಅಂತರ.

ಹೆಜ್ಜೆ 6: ಸುತ್ತ ಇಕ್ಕಟ್ಟು ಎಷ್ಟಿದೆ?

ಒಂಟಿ ಜೋಡಿಗೆ ಇನ್ನೊಂದು ಕೆಲಸವೂ ಇದೆ. ಅದು ಪ್ರೋಟಾನ್ ಬದಲು ಕಾರ್ಬನ್ ಮೇಲೂ ಹೋಗಿ ಕೂರಬಲ್ಲದು. ಮೀಥೈಲ್ ಅಯೋಡೈಡ್ ಜೊತೆ ಅಮೀನ್ ವರ್ತಿಸುವುದು ಹೀಗೆ. ಪ್ರೋಟಾನ್ ಪುಟ್ಟದು, ಯಾವ ಸಂದಿಯಲ್ಲೂ ತೂರಿಕೊಂಡು ಬರುತ್ತದೆ. ಕಾರ್ಬನ್ ದೊಡ್ಡದು, ಅದಕ್ಕೆ ದಾರಿ ಬೇಕು.

ಟ್ರೈಈಥೈಲ್ ಅಮೀನ್ ಮತ್ತು ಕ್ವಿನುಕ್ಲಿಡಿನ್ ಹೋಲಿಸಿ. ಎರಡೂ ತೃತೀಯಕ, ಪ್ರತ್ಯಾಮ್ಲ ಬಲವೂ ಹತ್ತಿರ ಹತ್ತಿರ. ಟ್ರೈಈಥೈಲ್ ಅಮೀನ್‌ನ ಮೂರು ಬಾಲಗಳು ಅತ್ತಿತ್ತ ಓಲಾಡುತ್ತಾ ಜೋಡಿಗೆ ಅಡ್ಡ ಬರುತ್ತವೆ. ಕ್ವಿನುಕ್ಲಿಡಿನ್‌ನಲ್ಲಿ ಅದೇ ಮೂರು ಬಾಲಗಳನ್ನು ಹಿಂದಕ್ಕೆ ಕಟ್ಟಿ ಪಂಜರ ಮಾಡಿದಂತಿದೆ, ಜೋಡಿ ಹೊರಗೆ ಎದ್ದು ಕಾಣುತ್ತದೆ. ಮೀಥೈಲ್ ಅಯೋಡೈಡ್ ಜೊತೆ ಇದು ಹತ್ತಾರು ಪಟ್ಟು ವೇಗವಾಗಿ ವರ್ತಿಸುತ್ತದೆ. ತದ್ವಿರುದ್ಧವಾಗಿ, ಡೈಐಸೊಪ್ರೊಪೈಲ್ ಈಥೈಲ್ ಅಮೀನ್‌ನಲ್ಲಿ ನೈಟ್ರೋಜನ್ ಸುತ್ತ ಬೇಕೆಂದೇ ಇಕ್ಕಟ್ಟು ಇದೆ. ಆಮ್ಲವನ್ನು ಹೀರಬೇಕು, ಆದರೆ ಬೇರೆ ಅಣುವಿನ ಮೇಲೆ ಹೋಗಿ ಕೂರಬಾರದು ಅನ್ನುವಾಗ ಲ್ಯಾಬ್‌ಗಳಲ್ಲಿ ಇದನ್ನೇ ಹಾಕುತ್ತಾರೆ.

ಲ್ಯಾಬ್‌ನಲ್ಲಿ ಯಾವ ವರ್ಗದ ಅಮೀನ್ ಎಂದು ಕೈಯಾರೆ ಪರೀಕ್ಷಿಸಲು ಹಿನ್ಸ್‌ಬರ್ಗ್ ಪರೀಕ್ಷೆ ಇದೆ. ಬೆಂಜೀನ್ ಸಲ್ಫೋನೈಲ್ ಕ್ಲೋರೈಡ್ ಜೊತೆ ಪ್ರಾಥಮಿಕ ಅಮೀನ್ ಕೊಡುವ ವಸ್ತುವಿನಲ್ಲಿ ನೈಟ್ರೋಜನ್ ಮೇಲೆ ಇನ್ನೂ ಒಂದು ಹೈಡ್ರೋಜನ್ ಉಳಿದಿರುತ್ತದೆ. ಸಲ್ಫೋನೈಲ್ ಗುಂಪಿನ ಎಳೆತಕ್ಕೆ ಅದು ಆಮ್ಲೀಯವಾಗಿ ಕ್ಷಾರದಲ್ಲಿ ಕರಗುತ್ತದೆ. ದ್ವಿತೀಯಕದ್ದರಲ್ಲಿ ಹೈಡ್ರೋಜನ್ ಉಳಿಯುವುದಿಲ್ಲ, ಕರಗುವುದೂ ಇಲ್ಲ. ತೃತೀಯಕ ಅಂಥ ವಸ್ತುವನ್ನೇ ಕೊಡುವುದಿಲ್ಲ. ಮೊದಲ ಹೆಜ್ಜೆಯ ಎಣಿಕೆಯನ್ನೇ ಟೆಸ್ಟ್ ಟ್ಯೂಬ್‌ನಲ್ಲಿ ಮಾಡಿದಂತೆ.

ಹೆಜ್ಜೆ 7: ಜೋಡಿ ಉಂಗುರಕ್ಕೆ ಏನು ಮಾಡಿತು?

ಅನಿಲಿನ್‌ನ ಜೋಡಿ ಉಂಗುರದೊಳಗೆ ಹೋಯಿತು ಅಂದೆವು. ಹಾಗಾದರೆ ಉಂಗುರಕ್ಕೆ ಎಲೆಕ್ಟ್ರಾನ್ ಜಾಸ್ತಿಯಾಗಬೇಕು. ಆಗುತ್ತದೆ. ಬೆಂಜೀನ್‌ಗೆ ಬ್ರೋಮಿನ್ ಸೇರಿಸಲು ವೇಗವರ್ಧಕ ಬೇಕು. ಅನಿಲಿನ್‌ಗೆ ಬರೀ ಬ್ರೋಮಿನ್ ನೀರು ಹಾಕಿದರೆ ಸಾಕು, ಒಂದಲ್ಲ, ಮೂರು ಬ್ರೋಮಿನ್ ಅಂಟಿ ಬಿಳಿ ಒತ್ತರ ಬೀಳುತ್ತದೆ.

ಆದರೆ ಅದೇ ಅನಿಲಿನ್‌ಗೆ ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದ ಮಿಶ್ರಣ ಹಾಕಿದರೆ ಪ್ಯಾರಾ 51, ಮೆಟಾ 47, ಆರ್ಥೊ (ನೈಟ್ರೋಜನ್‌ಗೆ ತೀರಾ ಪಕ್ಕದ ಜಾಗ) 2 ಶೇಕಡಾ ಬರುತ್ತದೆ. ಮೆಟಾ ಇಷ್ಟೊಂದು ಎಲ್ಲಿಂದ ಬಂತು? ಆಮ್ಲದಲ್ಲಿ ಅನಿಲಿನ್ ಪ್ರೋಟಾನ್ ಹಿಡಿದುಬಿಟ್ಟಿದೆ. ಜೋಡಿ ಈಗ ಉಂಗುರಕ್ಕೆ ಸಿಗುವುದಿಲ್ಲ, ಬದಲಿಗೆ ಧನಾವೇಶ ಬಂದು ಎಲೆಕ್ಟ್ರಾನ್ ಎಳೆಯುತ್ತಿದೆ. ನೀವು ಬರೆದ ಚಿತ್ರ ಪಾತ್ರೆಯೊಳಗೆ ಹಾಗೇ ಇದೆಯಾ ಎಂದು ಕೇಳಿಕೊಳ್ಳಬೇಕಾದ ಜಾಗ ಇದು.

ಅನಿಲಿನ್ ಬಾಟಲಿ ಹಳೆಯದಾದರೆ ಕಂದು ಬಣ್ಣಕ್ಕೆ ತಿರುಗುವುದೂ ಎಲೆಕ್ಟ್ರಾನ್ ತುಂಬಿದ ಈ ಉಂಗುರ ಗಾಳಿಯ ಆಕ್ಸಿಜನ್‌ಗೆ ಸುಲಭವಾಗಿ ಸಿಗುವುದರಿಂದ. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಚರ್ಮದ ಮೂಲಕ ಒಳಗಿಳಿದು ರಕ್ತ ಆಕ್ಸಿಜನ್ ಒಯ್ಯುವುದನ್ನೇ ಕೆಡಿಸುತ್ತದೆ.

ಹೆಜ್ಜೆ 8: ಆಮ್ಲ ಹಾಕಿ, ಮತ್ತೆ ಕ್ಷಾರ ಹಾಕಿ

ಅಮೀನ್ ಪ್ರೋಟಾನ್ ಹಿಡಿದರೆ ಲವಣವಾಗುತ್ತದೆ. ಲವಣ ನೀರಿನಲ್ಲಿ ಕರಗುತ್ತದೆ, ಆವಿಯಾಗುವುದಿಲ್ಲ, ಹಾಗಾಗಿ ವಾಸನೆ ಬರುವುದಿಲ್ಲ. ಕ್ಷಾರ ಹಾಕಿದರೆ ಅಮೀನ್ ವಾಪಸ್. ನೀರಿನಲ್ಲಿ ಅಷ್ಟಾಗಿ ಕರಗದ ಅನಿಲಿನ್‌ಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನೋಡಿ, ಎಣ್ಣೆಯಂಥ ಹನಿಗಳು ಮಾಯವಾಗುತ್ತವೆ.

ಇದನ್ನು ನೋಡಲು ಲ್ಯಾಬ್ ಬೇಕಿಲ್ಲ. ಸಮುದ್ರದ ಮೀನಿನ ಮೈಯಲ್ಲಿ ಟ್ರೈಮೀಥೈಲ್ ಅಮೀನ್ ಆಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ. ಜೋಡಿ ಆಕ್ಸಿಜನ್‌ಗೆ ಕೊಟ್ಟಾಗಿದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಆ ಆಕ್ಸಿಜನ್ ಕಿತ್ತುಹಾಕುತ್ತವೆ, ಟ್ರೈಮೀಥೈಲ್ ಅಮೀನ್ ಹೊರಬರುತ್ತದೆ. 3 ಡಿಗ್ರಿಯಲ್ಲೇ ಕುದಿಯುವ ವಸ್ತು ಅಡುಗೆಮನೆಯಲ್ಲಿ ಗಾಳಿಗೆ ಬರದೆ ಇರುತ್ತದೆಯೇ? ಕರಾವಳಿಯ ಮೀನುಸಾರಿಗೆ ಹುಣಸೆಹುಳಿ ಬೀಳುವುದು ರುಚಿಗಂತೂ ಹೌದು. ಜೊತೆಗೆ ಅದರ ಆಮ್ಲ ಈ ಅಮೀನ್‌ಗೆ ಪ್ರೋಟಾನ್ ಕೊಟ್ಟು ಲವಣ ಮಾಡಿ ಪಾತ್ರೆಯಲ್ಲೇ ಹಿಡಿದಿಡುತ್ತದೆ. ಮೀನು ತೊಳೆದ ಕೈಗೆ ನಿಂಬೆಹಣ್ಣು ಉಜ್ಜುವುದೂ ಇದೇ ಲೆಕ್ಕ.

ಇದರ ಉಲ್ಟಾ ನೋಡಬೇಕಾದರೆ ಎಲೆಅಡಿಕೆ. ಅಡಿಕೆಯ ಅರೆಕೋಲಿನ್ ಒಂದು ತೃತೀಯಕ ಅಮೀನ್. ಸುಣ್ಣ ಹಚ್ಚಿದಾಗ ಬಾಯಿ ಕ್ಷಾರೀಯವಾಗುತ್ತದೆ, ಅರೆಕೋಲಿನ್ ಪ್ರೋಟಾನ್ ಬಿಟ್ಟು ಬರಿಯ ಅಮೀನ್ ಆಗುತ್ತದೆ. ಆವೇಶವಿಲ್ಲದ ಅಣು ಬಾಯಿಯ ಒಳಪದರವನ್ನು ಸುಲಭವಾಗಿ ದಾಟುತ್ತದೆ. ತಂಬಾಕಿನ ಜೊತೆ ಸುಣ್ಣ ತಿಕ್ಕಿದಾಗ ನಿಕೋಟಿನ್‌ಗೂ ಹೀಗೇ ಆಗುತ್ತದೆ. ದೇಹಕ್ಕೆ ಬೇಡದ ವಸ್ತುವನ್ನು ಬೇಗ ಒಳಗೆ ಕಳಿಸುವ ದಾರಿ ಅದು ಅನ್ನುವುದನ್ನು ನಾನು ತರಗತಿಯಲ್ಲಿ ಒತ್ತಿ ಹೇಳುತ್ತೇನೆ.

ಮನೆಯಲ್ಲಿರುವ ಮಾತ್ರೆಗಳ ಹಿಂಬದಿ ಓದಿ. ಮೆಟ್‌ಫಾರ್ಮಿನ್ ಹೈಡ್ರೋಕ್ಲೋರೈಡ್, ಸೆಟಿರಿಜಿನ್ ಡೈಹೈಡ್ರೋಕ್ಲೋರೈಡ್ ಅಂತೆಲ್ಲ ಇರುತ್ತದೆ. ಹೈಡ್ರೋಕ್ಲೋರೈಡ್ ಅಂತ ಕಂಡರೆ, ಪ್ರೋಟಾನ್ ಹಿಡಿದ ನೈಟ್ರೋಜನ್ ಒಳಗಿದೆ ಅಂತ ತಿಳಿಯಿರಿ.

ಹೆಜ್ಜೆ 9: ಈಗ ಒಂದು ಪೂರ್ತಿ ಅಣು ಓದೋಣ

ಹಲ್ಲು ಕೀಳುವ ಮೊದಲು ಕೊಡುವ ಮರಗಟ್ಟಿಸುವ ಚುಚ್ಚುಮದ್ದು ಲಿಗ್ನೋಕೇನ್. ಅದರ ರಚನೆ ಬರೆಯಿರಿ. ಒಂದು ಬೆಂಜೀನ್ ಉಂಗುರ, ಅದಕ್ಕೆ ಒಂದು ನೈಟ್ರೋಜನ್, ಆ ನೈಟ್ರೋಜನ್‌ನ ಎರಡೂ ಬದಿಯ ಉಂಗುರದ ಕಾರ್ಬನ್‌ಗಳ ಮೇಲೆ ಒಂದೊಂದು ಮೀಥೈಲ್. ನೈಟ್ರೋಜನ್ ಆಚೆಗೆ ಕಾರ್ಬನ್-ಆಕ್ಸಿಜನ್ ದ್ವಿಬಂಧ, ಆಮೇಲೆ ಒಂದು ಕಾರ್ಬನ್, ಅದರ ತುದಿಯಲ್ಲಿ ಎರಡು ಈಥೈಲ್ ಹೊತ್ತ ಇನ್ನೊಂದು ನೈಟ್ರೋಜನ್.

ಪ್ರೋಟಾನ್ ಹಿಡಿಯುವುದು ಎರಡರಲ್ಲಿ ಯಾವುದು? ಮೊದಲನೆಯದು ಅಮೈಡ್, ಅದರ ಜೋಡಿ ಬಿಡುವಿಲ್ಲ. ಎರಡನೆಯದು ತೃತೀಯಕ ಅಮೀನ್, ಅದೇ ಹಿಡಿಯುತ್ತದೆ. ಅದರ ಸಂಖ್ಯೆ ಟ್ರೈಈಥೈಲ್ ಅಮೀನ್‌ನಂತೆ 10.7 ಇರಬಹುದೇ? ಇಲ್ಲ. ಒಂದೇ ಕಾರ್ಬನ್ ಆಚೆ ಎಲೆಕ್ಟ್ರಾನ್ ಎಳೆಯುವ ಗುಂಪು ನಿಂತಿದೆ, ಮಾರ್ಫೊಲಿನ್‌ನಲ್ಲಿ ಆಕ್ಸಿಜನ್ ನಿಂತಂತೆ, ಅದಕ್ಕಿಂತಲೂ ಹತ್ತಿರ. ಲಿಗ್ನೋಕೇನ್‌ನ ಸಂಖ್ಯೆ 7.9. ಇನ್ನು ಆ ಎರಡು ಮೀಥೈಲ್‌ಗಳು? ಅವು ಅಮೈಡ್ ಬಂಧದ ಹತ್ತಿರ ಇಕ್ಕಟ್ಟು ಮಾಡಿ, ಅದು ಬೇಗ ಒಡೆಯದಂತೆ ಕಾಯುತ್ತವೆ.

7.9 ಅನ್ನುವ ಸಂಖ್ಯೆಯಲ್ಲೇ ಈ ಔಷಧದ ಕೆಲಸ ಅಡಗಿದೆ. ಚುಚ್ಚುವಾಗ ಅದು ಹೈಡ್ರೋಕ್ಲೋರೈಡ್ ಲವಣ, ಹಾಗಾಗಿ ನೀರಿನಲ್ಲಿ ಕರಗಿದೆ. ಪಿಎಚ್ ಮತ್ತು ಈ ಸಂಖ್ಯೆ ಸಮವಾದರೆ ಎರಡು ರೂಪಗಳೂ ಅರ್ಧರ್ಧ, ಪಿಎಚ್ ಇಳಿದಷ್ಟೂ ಪ್ರೋಟಾನ್ ಹಿಡಿದ ರೂಪ ಜಾಸ್ತಿ. ದೇಹದ ಪಿಎಚ್ 7.4. ಅಲ್ಲಿ ಸುಮಾರು ಕಾಲು ಭಾಗ ಪ್ರೋಟಾನ್ ಬಿಟ್ಟು ಆವೇಶವಿಲ್ಲದ ಅಮೀನ್ ಆಗುತ್ತದೆ. ನರದ ಕೊಬ್ಬಿನ ಪೊರೆ ದಾಟುವುದು ಆ ಕಾಲು ಭಾಗವೇ. ಒಳಗೆ ಹೋದ ಮೇಲೆ ಮತ್ತೆ ಪ್ರೋಟಾನ್ ಹಿಡಿಯುತ್ತದೆ, ಆವೇಶ ಬಂದ ಆ ರೂಪ ಒಳಗಿನಿಂದ ಸೋಡಿಯಂ ಹೋಗುವ ದಾರಿಯನ್ನು ಮುಚ್ಚುತ್ತದೆ. ನೋವಿನ ಸುದ್ದಿ ಮುಂದಕ್ಕೆ ಹೋಗುವುದಿಲ್ಲ.

ಹಲ್ಲಿನ ಬುಡದಲ್ಲಿ ಕೀವು ತುಂಬಿ ಊದಿಕೊಂಡಿದ್ದರೆ ಅಲ್ಲಿನ ಜಾಗ ಆಮ್ಲೀಯವಾಗುತ್ತದೆ. ಪಿಎಚ್ 6.4ಕ್ಕೆ ಇಳಿಯಿತು ಅಂದುಕೊಂಡು ಲೆಕ್ಕ ಹಾಕಿ. ಅಮೀನ್ ರೂಪದಲ್ಲಿ ಉಳಿಯುವುದು 100ರಲ್ಲಿ 3 ಅಣು. ಉಳಿದ 97 ಪ್ರೋಟಾನ್ ಹಿಡಿದುಕೊಂಡು ಪೊರೆಯ ಹೊರಗೇ ನಿಲ್ಲುತ್ತವೆ. ಬಾವು ಬಂದ ಹಲ್ಲಿಗೆ ಚುಚ್ಚುಮದ್ದು ಸರಿಯಾಗಿ ಹಿಡಿಯದೆ ಇರುವುದಕ್ಕೆ ಇದೊಂದು ಮುಖ್ಯ ಕಾರಣ. ಕೆಲವೊಮ್ಮೆ ದಂತವೈದ್ಯರು ಬಾವು ಇಳಿದ ಮೇಲೆ ಬನ್ನಿ ಎಂದು ಕಳಿಸುತ್ತಾರೆ, ಇಲ್ಲವೇ ಬಾವಿನಿಂದ ದೂರ, ನರ ಹಾದುಬರುವ ದಾರಿಯಲ್ಲಿ ಇನ್ನೊಂದು ಕಡೆ ಚುಚ್ಚುತ್ತಾರೆ.